ಚಾರ್ಜ್‌ಗೆ ಹಾಕಿದರೂ ಹಸಿರು ದೀಪ ಏಕೆ ಬರುವುದಿಲ್ಲ? – ಲಿಥಿಯಂ ಬ್ಯಾಟರಿ ಚಾರ್ಜರ್‌ನ ವಿದ್ಯುತ್ ಹಂಚಿಕೆ ತಿಳಿಯೋಣ



ರಾತ್ರಿ ಎರಡು ಗಂಟೆ. ಕರೆಂಟ್ ಇಲ್ಲ. ಕೊಟ್ಟಿಗೆಯಲ್ಲಿ ಹಸುವಿಗೆ ಹೆರಿಗೆ ನೋವು ಶುರುವಾಗಿದೆ. ಕರುವಿನ ಎರಡು ಮುಂಗಾಲು ಮತ್ತು ಮೂತಿ ಸರಿಯಾಗಿ ಬರುತ್ತಿವೆಯೇ, ಪಶುವೈದ್ಯರಿಗೆ ಫೋನ್ ಮಾಡಬೇಕೇ ಎಂದು ನೋಡಲು ಬೆಳಕು ಬೇಕು. ಸಂಜೆಯಿಂದ ಚಾರ್ಜ್‌ಗೆ ಹಾಕಿದ್ದ ಲೈಟನ್ನು ಹಿಡಿದು ಹೋದರೆ ಹತ್ತು ನಿಮಿಷಕ್ಕೆ ಮಂಕಾಗಿ ಆರಿಹೋಗುತ್ತದೆ. ಇಂಥ ಅನುಭವ ನಿಮ್ಮಲ್ಲಿ ಹಲವರಿಗೆ ಆಗಿರಬಹುದು. "ಲೈಟೇ ಸರಿಯಿಲ್ಲ" ಎಂದು ಬೈದು ಹೊಸದನ್ನು ಕೊಳ್ಳುತ್ತೇವೆ. ಹಾಲಿನ ಬಟವಾಡೆಯ ಹಣದಲ್ಲಿ ಒಂದಷ್ಟು ಹೀಗೆ ಹೋಗುತ್ತದೆ.

ಎಷ್ಟೋ ಬಾರಿ ಲೈಟಿನಲ್ಲಿಯೂ ಬ್ಯಾಟರಿಯಲ್ಲಿಯೂ ದೋಷ ಇರುವುದಿಲ್ಲ. ಚಾರ್ಜ್ ಆಗುತ್ತಿರುವಾಗಲೇ ಅದನ್ನು ಉರಿಸಿಕೊಂಡಿದ್ದರಿಂದ ಬ್ಯಾಟರಿ ತುಂಬಿರುವುದೇ ಇಲ್ಲ. ಹೀಗೆ ಏಕಾಗುತ್ತದೆ ಎಂದು ತಿಳಿಯಬೇಕಾದರೆ ಚಾರ್ಜರ್ ಸರ್ಕ್ಯೂಟ್ ವಿದ್ಯುತ್ತನ್ನು ಹೇಗೆ ಹಂಚುತ್ತದೆ ಎಂದು ಗೊತ್ತಿರಬೇಕು. ಹಸುವಿನ ತೂಕ, ಹಾಲು ನೋಡಿ ಹಿಂಡಿ ಲೆಕ್ಕ ಹಾಕುವ ನಿಮಗೆ ಈ ಲೆಕ್ಕ ಕಷ್ಟವೇನಲ್ಲ. ನಿಧಾನವಾಗಿ ಓದಿ.

ಬ್ಯಾಟರಿಯ ನಾಲ್ಕು ಸಂಖ್ಯೆಗಳು

ಲಿಥಿಯಂ ಅಯಾನ್ ಬ್ಯಾಟರಿ ಮೊದಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಜಪಾನಿನ ಸೋನಿ ಕಂಪನಿಯಿಂದ. ಇದಕ್ಕೆ ತಳಹದಿ ಹಾಕಿದ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೋ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಇಂದು ನಮ್ಮ ಫೋನ್, ಹಣೆಗೆ ಕಟ್ಟುವ ಲೈಟ್, ಪವರ್ ಬ್ಯಾಂಕ್, ಕೆಲವು ಬ್ಯಾಟರಿ ಸ್ಪ್ರೇಯರ್‌ಗಳು ಎಲ್ಲದರಲ್ಲೂ ಇದೇ ಇದೆ.

ಇದರ ಒಂದು ಸೆಲ್ ಬಗ್ಗೆ ನಾಲ್ಕು ಸಂಖ್ಯೆಗಳನ್ನು ನೆನಪಿಡಿ.

• 3.7 ವೋಲ್ಟ್ – ಸೆಲ್ ಮೇಲೆ ಬರೆದಿರುವ ಸಾಮಾನ್ಯ ವೋಲ್ಟೇಜ್. ಕೆಲವದರಲ್ಲಿ 3.6 ಎಂದಿರುತ್ತದೆ.
• 4.2 ವೋಲ್ಟ್ – ಪೂರ್ತಿ ತುಂಬಿದಾಗ. ಇದಕ್ಕಿಂತ ಮೇಲೆ ಹೋಗಬಾರದು.
• 3.0 ವೋಲ್ಟ್ – ಬಹುಪಾಲು ಖಾಲಿಯಾದಾಗ. ಇದಕ್ಕಿಂತ ಕೆಳಗೆ ಇಳಿಸದಿರುವುದು ಒಳ್ಳೆಯದು.
• 2000 ಎಂಎಎಚ್, 2500 ಎಂಎಎಚ್ – ಇದು ಎಷ್ಟು ಹಿಡಿಯುತ್ತದೆ ಎಂಬ ಅಳತೆ. ಕ್ಯಾನ್ 20 ಲೀಟರಿನದೋ 40 ಲೀಟರಿನದೋ ಎನ್ನುವ ಹಾಗೆ.

2000 ಎಂಎಎಚ್ ಎಂದರೆ 200 ಮಿಲಿಆಂಪಿಯರ್ ಎಳೆಯುವ ಲೈಟನ್ನು ಸುಮಾರು 10 ಗಂಟೆ, 400 ಮಿಲಿಆಂಪಿಯರ್ ಎಳೆಯುವ ಲೈಟನ್ನು ಸುಮಾರು 5 ಗಂಟೆ ಉರಿಸಬಹುದು. 1000 ಮಿಲಿಆಂಪಿಯರ್ ಸೇರಿದರೆ 1 ಆಂಪಿಯರ್.

ಚಾರ್ಜ್ ಆಗುವ ನಾಲ್ಕು ಹಂತಗಳು

ಹಾಲಿನ ಕ್ಯಾನ್ ತುಂಬಿಸುವಾಗ ನೀವು ಏನು ಮಾಡುತ್ತೀರಿ? ಮೊದಲು ಬಿಂದಿಗೆಯಿಂದ ಬೇಗ ಸುರಿಯುತ್ತೀರಿ. ಕಂಠದ ಹತ್ತಿರ ಬಂದಾಗ ಕೈ ನಿಧಾನ ಮಾಡುತ್ತೀರಿ. ಇಲ್ಲದಿದ್ದರೆ ಚೆಲ್ಲುತ್ತದೆ. ಲಿಥಿಯಂ ಚಾರ್ಜರ್ ಮಾಡುವುದೂ ಇದನ್ನೇ.

1. ಎಚ್ಚರಿಸುವ ಹಂತ: ಬ್ಯಾಟರಿ 3 ವೋಲ್ಟ್‌ಗಿಂತ ಕೆಳಗೆ ಇಳಿದಿದ್ದರೆ ಚಾರ್ಜರ್ ಒಮ್ಮೆಲೇ ಪೂರ್ತಿ ವಿದ್ಯುತ್ ಕೊಡುವುದಿಲ್ಲ. ಪೂರ್ಣ ಪ್ರಮಾಣದ ಸುಮಾರು ಹತ್ತನೇ ಒಂದು ಭಾಗ ಮಾತ್ರ ಕೊಡುತ್ತದೆ. 1 ಆಂಪಿಯರ್ ಚಾರ್ಜರ್ ಆದರೆ 100 ಮಿಲಿಆಂಪಿಯರ್ ಆಸುಪಾಸು. ಉಪವಾಸ ಬಿದ್ದ ಹಸುವಿಗೆ ಒಮ್ಮೆಲೇ ಹಿಂಡಿ ಇಡುವುದಿಲ್ಲವಲ್ಲ, ಹಾಗೆ.

2. ಬಿರುಸಿನ ಹಂತ: ಬ್ಯಾಟರಿ 3 ವೋಲ್ಟ್ ಆಸುಪಾಸು ದಾಟಿದ ಮೇಲೆ ಒಂದೇ ಸಮನೆ ಪೂರ್ತಿ ಪ್ರವಾಹ, ಅಂದರೆ 1 ಆಂಪಿಯರ್ ಹರಿಯುತ್ತದೆ. ಬ್ಯಾಟರಿಯ ಬಹುಪಾಲು ತುಂಬುವುದು ಈ ಹಂತದಲ್ಲಿ.

3. ನಿಧಾನದ ಹಂತ: ಬ್ಯಾಟರಿ 4.2 ವೋಲ್ಟ್ ಮುಟ್ಟಿದಾಗ ಚಾರ್ಜರ್ ವೋಲ್ಟೇಜನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಆಗ ಪ್ರವಾಹ ತಾನಾಗಿಯೇ ಕಡಿಮೆಯಾಗುತ್ತಾ ಬರುತ್ತದೆ – 800, 500, 300, 200 ಮಿಲಿಆಂಪಿಯರ್ ಹೀಗೆ.

4. ನಿಲ್ಲಿಸುವ ಹಂತ: ಪ್ರವಾಹವು ಪೂರ್ಣ ಪ್ರಮಾಣದ ಹತ್ತನೇ ಒಂದು ಭಾಗಕ್ಕೆ, ಅಂದರೆ 100 ಮಿಲಿಆಂಪಿಯರ್‌ಗೆ ಇಳಿದಾಗ "ತುಂಬಿತು" ಎಂದು ತಿಳಿದು ಚಾರ್ಜರ್ ನಿಲ್ಲಿಸುತ್ತದೆ. ಕೆಂಪು ದೀಪ ಆರಿ ಹಸಿರು ಅಥವಾ ನೀಲಿ ದೀಪ ಬರುತ್ತದೆ.

ಕೊನೆಯ ಹಂತವನ್ನು ಇನ್ನೊಮ್ಮೆ ಓದಿ. ಚಾರ್ಜರ್ ಬ್ಯಾಟರಿಯ ಒಳಗೆ ಇಣುಕಿ ನೋಡುವುದಿಲ್ಲ. ತನ್ನಿಂದ ಎಷ್ಟು ಪ್ರವಾಹ ಹೊರಗೆ ಹೋಗುತ್ತಿದೆ ಎಂಬುದನ್ನು ಮಾತ್ರ ಅಳೆಯುತ್ತದೆ. ಅದು ಕಡಿಮೆಯಾದರೆ ತುಂಬಿತು ಎಂದು ಲೆಕ್ಕ. ನಮ್ಮ ಸಮಸ್ಯೆಯ ಬೇರು ಇಲ್ಲಿದೆ.

ಇನ್ನೊಂದು ಮಾತು. 2000 ಎಂಎಎಚ್ ಬ್ಯಾಟರಿಗೆ 1 ಆಂಪಿಯರ್ ಕೊಟ್ಟರೆ 2 ಗಂಟೆ ಸಾಕು ಎಂದು ಲೆಕ್ಕ ಹಾಕಬೇಡಿ. ನಿಧಾನದ ಹಂತ ಇರುವುದರಿಂದ ಎರಡೂವರೆಯಿಂದ ಮೂರು ಗಂಟೆ ಬೇಕಾಗುತ್ತದೆ.

ಚಾರ್ಜ್ ಆಗುವಾಗ ಲೈಟ್ ಉರಿಸಿದರೆ ಏನಾಗುತ್ತದೆ?

ಮಾಳಿಗೆಯ ಮೇಲೆ ನೀರಿನ ಟ್ಯಾಂಕ್ ಇದೆ ಎಂದುಕೊಳ್ಳಿ. ಮೋಟಾರ್ ನೀರನ್ನು ಟ್ಯಾಂಕಿಗೆ ಏರಿಸುತ್ತದೆ. ಟ್ಯಾಂಕಿನಿಂದ ಒಂದು ಪೈಪ್ ಕೊಟ್ಟಿಗೆಯ ನೀರಿನ ತೊಟ್ಟಿಗೆ ಇಳಿದಿದೆ. ಕೊಟ್ಟಿಗೆಯ ನಲ್ಲಿ ತೆರೆದಿಟ್ಟರೆ ಒಂದು ಕಡೆ ತುಂಬುತ್ತದೆ, ಇನ್ನೊಂದು ಕಡೆ ಖಾಲಿಯಾಗುತ್ತದೆ.

ಕಡಿಮೆ ಬೆಲೆಯ ಅನೇಕ ಲೈಟ್‌ಗಳಲ್ಲಿ ಚಾರ್ಜರ್, ಬ್ಯಾಟರಿ, ಬಲ್ಬು ಈ ರೀತಿಯೇ ಜೋಡಿಸಿರುತ್ತವೆ. ಬಲ್ಬು ನೇರವಾಗಿ ಬ್ಯಾಟರಿಗೇ ಅಂಟಿಕೊಂಡಿರುತ್ತದೆ. ಇದರಿಂದ ಮೂರು ತೊಂದರೆಗಳಿವೆ.

ಮೊದಲನೆಯದು, ಹಸಿರು ದೀಪ ಬರುವುದೇ ಇಲ್ಲ. ನಿಮ್ಮ ಲೈಟ್ 300 ಮಿಲಿಆಂಪಿಯರ್ ಎಳೆಯುತ್ತಿದೆ ಎನ್ನಿ. ಬ್ಯಾಟರಿ ಪೂರ್ತಿ ತುಂಬಿದರೂ ಬಲ್ಬಿಗಾಗಿ ಚಾರ್ಜರ್‌ನಿಂದ 300 ಮಿಲಿಆಂಪಿಯರ್ ಹೋಗುತ್ತಲೇ ಇರುತ್ತದೆ. ಚಾರ್ಜರ್ ಕಾಯುತ್ತಿರುವುದು 100ಕ್ಕೆ ಇಳಿಯಲಿ ಎಂದು. ಅದು ಇಳಿಯುವುದೇ ಇಲ್ಲ. ಹಾಗಾಗಿ "ಇನ್ನೂ ತುಂಬಿಲ್ಲ" ಎಂದು ತಿಳಿದು ರಾತ್ರಿಯಿಡೀ ಬ್ಯಾಟರಿಯನ್ನು 4.2 ವೋಲ್ಟ್‌ನಲ್ಲಿ ಒತ್ತಿ ಹಿಡಿದಿರುತ್ತದೆ. ಬಿಸಿಯಲ್ಲಿ, ತುಂಬಿದ ಸ್ಥಿತಿಯಲ್ಲಿ ಬಹಳ ಹೊತ್ತು ಇದ್ದಷ್ಟೂ ಬ್ಯಾಟರಿ ಬೇಗ ಮುಪ್ಪಾಗುತ್ತದೆ.

ಎರಡನೆಯದು, ಸಮಯದ ಮಿತಿ ಮುಗಿಯುತ್ತದೆ. ಕೆಲವು ಚಾರ್ಜರ್‌ಗಳಲ್ಲಿ ಒಳಗೊಂದು ಗಡಿಯಾರವಿರುತ್ತದೆ. ಇಷ್ಟು ಗಂಟೆಯಾದರೂ ತುಂಬದಿದ್ದರೆ ಬ್ಯಾಟರಿಯಲ್ಲಿ ಏನೋ ದೋಷವಿದೆ ಎಂದು ಅದು ಚಾರ್ಜನ್ನು ನಿಲ್ಲಿಸಿಬಿಡುತ್ತದೆ. ಲೈಟ್ ಉರಿಯುತ್ತಿದ್ದರೆ ಅರ್ಧ ತುಂಬುವ ಮೊದಲೇ ಹೀಗಾಗಬಹುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪೂರ್ತಿ ಖಾಲಿಯಾದ ಬ್ಯಾಟರಿ ಮೇಲೇಳುವುದೇ ಇಲ್ಲ. ಬ್ಯಾಟರಿ 3 ವೋಲ್ಟ್‌ಗಿಂತ ಕೆಳಗಿದ್ದಾಗ ಚಾರ್ಜರ್ ಕೊಡುವುದು 100 ಮಿಲಿಆಂಪಿಯರ್ ಮಾತ್ರ ಎಂದು ಹೇಳಿದೆವು. ಲೈಟ್ ಮಂಕಾಗಿ ಉರಿಯುತ್ತಾ 150 ಎಳೆಯುತ್ತಿದ್ದರೆ? ಬರುವುದು 100, ಹೋಗುವುದು 150. ಚಾರ್ಜ್‌ಗೆ ಹಾಕಿದ್ದರೂ ಬ್ಯಾಟರಿಯಿಂದ 50 ಖರ್ಚಾಗುತ್ತಲೇ ಇರುತ್ತದೆ. ಸಂಜೆ ಆರರಿಂದ ಚಾರ್ಜ್‌ಗೆ ಹಾಕಿ, ಅದೇ ಬೆಳಕಿನಲ್ಲಿ ಹಾಲು ಕರೆದು, ರಾತ್ರಿ ತೆಗೆದರೆ ಬ್ಯಾಟರಿ ಖಾಲಿಯೇ. ಮೇಲೆ ಹೇಳಿದ ಹೆರಿಗೆಯ ರಾತ್ರಿ ಆದದ್ದು ಇದೇ ಇರಬಹುದು.

ವಿದ್ಯುತ್ ದಾರಿ ಬೇರೆ ಮಾಡುವ ಸರ್ಕ್ಯೂಟ್

ಇದಕ್ಕೆ ಪರಿಹಾರವಾಗಿ ಬಂದದ್ದು "ಪವರ್ ಪಾತ್" ಎಂಬ ವ್ಯವಸ್ಥೆ. ಪವರ್ ಪಾತ್ ಎಂದರೆ ವಿದ್ಯುತ್ತಿನ ದಾರಿ.

ಮತ್ತೆ ನೀರಿನ ಉದಾಹರಣೆಗೆ ಬನ್ನಿ. ಮೋಟಾರಿನಿಂದ ಬರುವ ಪೈಪಿಗೆ ಟ್ಯಾಂಕ್ ತಲುಪುವ ಮೊದಲೇ ಒಂದು ಟೀ ಜೋಡಿಸೋಣ. ಒಂದು ಕವಲು ನೇರವಾಗಿ ಕೊಟ್ಟಿಗೆಯ ತೊಟ್ಟಿಗೆ, ಇನ್ನೊಂದು ಕವಲು ಟ್ಯಾಂಕಿಗೆ. ಮೋಟಾರ್ ಓಡುವಾಗ ತೊಟ್ಟಿಗೆ ನೀರು ಮೋಟಾರಿನಿಂದಲೇ ಹೋಗುತ್ತದೆ. ಮಿಕ್ಕಿದ್ದು ಟ್ಯಾಂಕಿಗೆ ಏರುತ್ತದೆ. ಮೋಟಾರ್ ನಿಂತಾಗ ಮಾತ್ರ ಟ್ಯಾಂಕಿನ ನೀರು ತೊಟ್ಟಿಗೆ ಇಳಿಯುತ್ತದೆ. ಟ್ಯಾಂಕಿಗೆ ಎಷ್ಟು ಹೋಗುತ್ತಿದೆ ಎಂದು ಈಗ ಬೇರೆಯಾಗಿ ಅಳೆಯಬಹುದು.

ಒಳ್ಳೆಯ ಚಾರ್ಜರ್ ಸರ್ಕ್ಯೂಟ್‌ನಲ್ಲಿ ಈ ಕೆಲಸವನ್ನು ಚಿಕ್ಕ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಮಾಡುತ್ತವೆ. ಅದರ ನಿಯಮ ಮೂರೇ.

• ಹೊರಗಿನ ಕರೆಂಟ್ ಇದ್ದಾಗ ಉಪಕರಣಕ್ಕೆ ಮೊದಲ ಪಾಲು.
• ಉಳಿದದ್ದು ಬ್ಯಾಟರಿಗೆ.
• ಉಪಕರಣಕ್ಕೆ ಹೊರಗಿನದು ಸಾಲದಿದ್ದರೆ ಕೊರತೆಯನ್ನು ಬ್ಯಾಟರಿ ತುಂಬಿಕೊಡುತ್ತದೆ.

ಲೆಕ್ಕ ನೋಡೋಣ. ಹೊರಗಿನಿಂದ ತೆಗೆದುಕೊಳ್ಳಬಹುದಾದ ಮಿತಿ 1000 ಮಿಲಿಆಂಪಿಯರ್ ಎಂದುಕೊಳ್ಳಿ.

ಉಪಕರಣ ಆಫ್ ಇದೆ: ಬ್ಯಾಟರಿಗೆ 1000.
ಉಪಕರಣ 300 ಎಳೆಯುತ್ತಿದೆ: ಬ್ಯಾಟರಿಗೆ 700.
ಉಪಕರಣ 900 ಎಳೆಯುತ್ತಿದೆ: ಬ್ಯಾಟರಿಗೆ 100. ಚಾರ್ಜ್ ಆಗುತ್ತದೆ, ಆದರೆ ಬಹಳ ನಿಧಾನ.
ಉಪಕರಣ 1300 ಎಳೆಯುತ್ತಿದೆ: ಹೊರಗಿನಿಂದ 1000, ಬ್ಯಾಟರಿಯಿಂದ 300. ಪ್ಲಗ್‌ನಲ್ಲಿದ್ದರೂ ಬ್ಯಾಟರಿ ಇಳಿಯುತ್ತದೆ.

ಬೆಳಗಿನ ಹಾಲಿನಲ್ಲಿ ಮನೆಗೆ ಬೇಕಾದಷ್ಟು ತೆಗೆದಿಟ್ಟು ಮಿಕ್ಕಿದ್ದನ್ನು ಸಂಘಕ್ಕೆ ಹಾಕುವ ಹಾಗೆ ಇದು. ಮನೆಗೆ ನೆಂಟರು ಬಂದ ದಿನ ಸಂಘಕ್ಕೆ ಹೋಗುವುದು ಕಡಿಮೆ.

ನಿಮ್ಮ ಮೊಬೈಲ್‌ನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಚಾರ್ಜ್‌ಗೆ ಹಾಕಿ ವಿಡಿಯೋ ಕರೆಯಲ್ಲಿ ಮಾತನಾಡಿದರೆ ಶೇಕಡಾವಾರು ಅಂಕಿ ಏರುವುದೇ ನಿಧಾನವಾಗುತ್ತದೆ. ಚಾರ್ಜರ್ ಕೆಟ್ಟಿಲ್ಲ. ಬಂದ ವಿದ್ಯುತ್ತಿನ ದೊಡ್ಡ ಪಾಲು ಪರದೆಗೂ ಕರೆಗೂ ಹೋಗುತ್ತಿದೆ.

ಕೆಲವು ಲೈಟ್‌ಗಳು ಚಾರ್ಜ್‌ಗೆ ಹಾಕಿದ ಕೂಡಲೇ ಆರಿಹೋಗುತ್ತವೆ, ಸ್ವಿಚ್ ಒತ್ತಿದರೂ ಉರಿಯುವುದಿಲ್ಲ. ಇದು ದೋಷವಲ್ಲ. ಪವರ್ ಪಾತ್ ಇಲ್ಲದ ಕಡೆ ತಯಾರಕರು ಬ್ಯಾಟರಿ ಸರಿಯಾಗಿ ತುಂಬಲಿ ಎಂದು ಬೇಕೆಂದೇ ಹಾಗೆ ಮಾಡಿರುತ್ತಾರೆ.

ನಿಮ್ಮ ಲೈಟ್ ಯಾವ ಬಗೆಯದು? ಮನೆಯಲ್ಲೇ ಪರೀಕ್ಷಿಸಿ

ಮೊದಲ ದಿನ ಲೈಟನ್ನು ಆಫ್ ಮಾಡಿ ಚಾರ್ಜ್‌ಗೆ ಹಾಕಿ. ಹಸಿರು ದೀಪ ಬರಲು ಎಷ್ಟು ಗಂಟೆ ಹಿಡಿಯಿತು ಎಂದು ಹಾಲಿನ ಪಾಸ್‌ಬುಕ್ಕಿನ ಕೊನೆಯಲ್ಲೋ ಗೋಡೆಯ ಕ್ಯಾಲೆಂಡರ್ ಮೇಲೋ ಬರೆದಿಡಿ. ಅದೇ ಪ್ರಮಾಣದಲ್ಲಿ ಖಾಲಿಯಾದ ಇನ್ನೊಂದು ದಿನ, ನೀವು ಎಚ್ಚರವಾಗಿರುವ ಹೊತ್ತಿನಲ್ಲಿ, ಲೈಟ್ ಉರಿಸಿಕೊಂಡೇ ಚಾರ್ಜ್‌ಗೆ ಹಾಕಿ. ಸ್ವಲ್ಪ ತಡವಾಗಿಯಾದರೂ ಹಸಿರು ಬಂದರೆ ವಿದ್ಯುತ್ ಹಂಚುವ ಸರ್ಕ್ಯೂಟ್ ಇರಬಹುದು. ಎರಡು ಪಟ್ಟು ಸಮಯವಾದರೂ ಬಾರದಿದ್ದರೆ ಅದು ಸಾದಾ ಬಗೆಯದು ಎಂದು ತಿಳಿಯಿರಿ. ಪ್ಲಗ್ ತೆಗೆಯಿರಿ. ಇನ್ನು ಮೇಲೆ ಆಫ್ ಮಾಡಿಯೇ ಚಾರ್ಜ್ ಮಾಡಿ. ಪರೀಕ್ಷೆಗಾಗಿ ಲೈಟನ್ನು ಬಿಚ್ಚುವ ಅಗತ್ಯವಿಲ್ಲ, ಬಿಚ್ಚಲೂಬೇಡಿ.

ಬರುವ ಕರೆಂಟೇ ದುರ್ಬಲವಾಗಿದ್ದರೆ?

ಯುಎಸ್‌ಬಿ ಅಡಾಪ್ಟರ್ ಕೊಡುವುದು 5 ವೋಲ್ಟ್. ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದು ಬರೆದಿದ್ದರೆ, ಹಳ್ಳಿಯಲ್ಲಿ ವೋಲ್ಟೇಜ್ ಇಳಿದು ಬಲ್ಬು ಮಂಕಾದಾಗಲೂ ಅದು ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಆದರೆ ಕೇಬಲ್ ತೆಳ್ಳಗೆ, ಉದ್ದವಾಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ. ಅರ್ಧ ಓಮ್ ಅಡ್ಡಿ ಇರುವ ಕೇಬಲ್‌ನಲ್ಲಿ 1 ಆಂಪಿಯರ್ ಹರಿದರೆ ಅರ್ಧ ವೋಲ್ಟ್ ಹೋಯಿತು. 5 ಹೊರಟದ್ದು 4.5 ಆಗಿ ತಲುಪುತ್ತದೆ. ಬ್ಯಾಟರಿಯನ್ನು 4.2ಕ್ಕೆ ಏರಿಸಲು ಇದು ಕಷ್ಟ. ಚಾರ್ಜ್ ನಿಧಾನವಾದರೆ ಮೊದಲು ಕೇಬಲ್ ಬದಲಿಸಿ ನೋಡಿ. ಬ್ಯಾಟರಿಗಿಂತ ಅದು ಅಗ್ಗ.

ಸೋಲಾರ್ ಪ್ಯಾನೆಲ್‌ನಲ್ಲಿ ಇನ್ನೊಂದು ಸಮಸ್ಯೆ. 6 ವೋಲ್ಟ್, 3 ವ್ಯಾಟ್‌ನ ಸಣ್ಣ ಪ್ಯಾನೆಲ್ ಪೂರ್ತಿ ಬಿಸಿಲಿನಲ್ಲಿ ಕೊಡುವುದೇ ಅರ್ಧ ಆಂಪಿಯರ್. ಅದರಿಂದ ಚಾರ್ಜರ್ 1 ಆಂಪಿಯರ್ ಎಳೆಯಲು ಹೋದರೆ ಪ್ಯಾನೆಲ್‌ನ ವೋಲ್ಟೇಜ್ ಕುಸಿದುಬೀಳುತ್ತದೆ. ಚಾರ್ಜರ್ ನಿಲ್ಲುತ್ತದೆ. ವೋಲ್ಟೇಜ್ ಮತ್ತೆ ಏರುತ್ತದೆ, ಚಾರ್ಜರ್ ಮತ್ತೆ ಎಳೆಯುತ್ತದೆ, ಮತ್ತೆ ಕುಸಿಯುತ್ತದೆ. ದೀಪ ಮಿಣುಕುತ್ತಿರುತ್ತದೆ, ಸಂಜೆಗೆ ಬ್ಯಾಟರಿ ಖಾಲಿ. ಒಳ್ಳೆಯ ಸರ್ಕ್ಯೂಟ್ ಒಳಬರುವ ವೋಲ್ಟೇಜನ್ನು ಗಮನಿಸುತ್ತಿರುತ್ತದೆ. ಅದು ಇಳಿಯತೊಡಗಿದ ಕೂಡಲೇ ತಾನೇ ಕಡಿಮೆ ಎಳೆಯುತ್ತದೆ. ಹಸು ಎಷ್ಟು ಸೊರಬಿಟ್ಟಿದೆಯೋ ಅಷ್ಟೇ ಕರೆಯಬೇಕು, ಎಳೆದಾಡಿದರೆ ಹಾಲು ಏರಿಸಿಕೊಳ್ಳುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಹಾಗಾಗಿ ಸೋಲಾರ್ ಲೈಟ್ ಕೊಳ್ಳುವಾಗ ಪ್ಯಾನೆಲ್ ಮತ್ತು ಲೈಟ್ ಒಂದೇ ಜೋಡಿಯಾಗಿ ಬಂದಿರಲಿ. ಬೇರೆ ಬೇರೆ ತಂದು ಕೂಡಿಸಬೇಡಿ.

ಬಿಸಿ ಎಲ್ಲಿಂದ ಬರುತ್ತದೆ?

ಅಗ್ಗದ ಚಾರ್ಜರ್ ಸರ್ಕ್ಯೂಟ್‌ಗಳು ಹೆಚ್ಚಿನ ವೋಲ್ಟೇಜನ್ನು ಶಾಖವಾಗಿ ಸುಟ್ಟು ಕಳೆಯುತ್ತವೆ. ಒಳಬರುವುದು 5 ವೋಲ್ಟ್, ಬ್ಯಾಟರಿ 3.2 ವೋಲ್ಟ್, ಪ್ರವಾಹ 1 ಆಂಪಿಯರ್ ಆದರೆ ವ್ಯತ್ಯಾಸದ 1.8 ವೋಲ್ಟ್ ಅಂದರೆ 1.8 ವ್ಯಾಟ್ ಶಾಖವಾಗುತ್ತದೆ. ಬ್ಯಾಟರಿ 4 ವೋಲ್ಟ್ ತಲುಪಿದಾಗ ಈ ಶಾಖ 1 ವ್ಯಾಟ್‌ಗೆ ಇಳಿಯುತ್ತದೆ. ಆದ್ದರಿಂದ ಚಾರ್ಜ್ ಶುರುವಾದ ಮೊದಲ ಅರ್ಧ ಗಂಟೆ ಲೈಟ್ ಬೆಚ್ಚಗಾಗುವುದು ಸಹಜ. ಚಾರ್ಜರ್ ಚಿಪ್ ತೀರಾ ಬಿಸಿಯಾದರೆ ಹಲವು ಸರ್ಕ್ಯೂಟ್‌ಗಳು ತಾವೇ ಪ್ರವಾಹ ತಗ್ಗಿಸುತ್ತವೆ. ದುಬಾರಿ ಸರ್ಕ್ಯೂಟ್‌ಗಳು ಬೇರೆ ವಿಧಾನದಲ್ಲಿ ವೋಲ್ಟೇಜ್ ಇಳಿಸುವುದರಿಂದ ಇಷ್ಟು ಬಿಸಿಯಾಗುವುದಿಲ್ಲ.

ಲಿಥಿಯಂ ಬ್ಯಾಟರಿಯನ್ನು 0ಯಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೆ ಚಾರ್ಜ್ ಮಾಡಬೇಕು ಎಂಬುದು ಸಾಮಾನ್ಯ ನಿಯಮ. ನಮ್ಮಲ್ಲಿ ಚಳಿಯ ಭಯವಿಲ್ಲ, ಬೇಸಿಗೆಯದೇ ಭಯ. ಏಪ್ರಿಲ್ ಮಧ್ಯಾಹ್ನ ತಗಡಿನ ಚಾವಣಿಯ ಕೆಳಗೆ, ಕಿಟಕಿಯ ಬಿಸಿಲಿನಲ್ಲಿ, ಒಲೆಯ ಪಕ್ಕ ಚಾರ್ಜ್‌ಗೆ ಇಡಬೇಡಿ. ಮುಟ್ಟಿ ಹಿಡಿದುಕೊಳ್ಳಲು ಆಗದಷ್ಟು ಬಿಸಿಯಾದರೆ ಪ್ಲಗ್ ತೆಗೆದುಬಿಡಿ.

ಕಾವಲುಗಾರ ಸರ್ಕ್ಯೂಟ್ ಬೇರೆ, ಚಾರ್ಜರ್ ಬೇರೆ

ಬ್ಯಾಟರಿಯ ಜೊತೆ ಇನ್ನೊಂದು ಚಿಕ್ಕ ಹಲಗೆ ಇರುತ್ತದೆ. ಅದು ರಕ್ಷಣಾ ಸರ್ಕ್ಯೂಟ್. ಬ್ಯಾಟರಿ 4.3 ವೋಲ್ಟ್ ಹತ್ತಿರ ಏರಿದರೆ, 2.5 ವೋಲ್ಟ್ ಹತ್ತಿರ ಇಳಿದರೆ, ತಂತಿಗಳು ತಗುಲಿ ಶಾರ್ಟ್ ಆದರೆ ಅದು ಸಂಪರ್ಕ ಕಡಿದುಹಾಕುತ್ತದೆ. ಇದು ಹೊಲದ ಬೇಲಿ ಇದ್ದ ಹಾಗೆ. ಬೇಲಿ ಇದೆಯೆಂದು ದನವನ್ನು ಮೇಯಿಸುವವರಿಲ್ಲದೆ ಬಿಡುತ್ತೇವೆಯೇ? ಇಲ್ಲ. ಹಾಗೆಯೇ ರಕ್ಷಣಾ ಸರ್ಕ್ಯೂಟ್ ಇದೆಯೆಂದು ಯಾವುದೋ ಚಾರ್ಜರ್ ಹಾಕಬಾರದು.

ಈ ಸಂಖ್ಯೆಗಳನ್ನು ಗಮನಿಸಿ.

• ಮೂರು ಸೆಲ್‌ಗಳನ್ನು ಸಾಲಾಗಿ ಜೋಡಿಸಿದ ಲಿಥಿಯಂ ಅಯಾನ್ ಪ್ಯಾಕ್ ತುಂಬಿದಾಗ 12.6 ವೋಲ್ಟ್.
• ಲಿಥಿಯಂ ಐರನ್ ಫಾಸ್ಫೇಟ್ ಎಂಬ ಇನ್ನೊಂದು ಜಾತಿ ಇದೆ. ಅದರ ಒಂದು ಸೆಲ್ 3.2 ವೋಲ್ಟ್, ತುಂಬಿದಾಗ 3.65. ನಾಲ್ಕು ಸೆಲ್ ಪ್ಯಾಕ್ ತುಂಬಿದಾಗ 14.6 ವೋಲ್ಟ್.
• ನೀರು ಹಾಕುವ ಅಥವಾ ಮುಚ್ಚಿದ ಸೀಸ-ಆಮ್ಲದ 12 ವೋಲ್ಟ್ ಬ್ಯಾಟರಿಗೆ ಚಾರ್ಜರ್ 14 ವೋಲ್ಟ್‌ಗೂ ಮೇಲೆ ಕೊಡುತ್ತದೆ.

ಮೂರಕ್ಕೂ ಅಂಗಡಿಯಲ್ಲಿ "12 ವೋಲ್ಟ್" ಎಂದೇ ಹೆಸರು. ಹಳೆಯ ಸ್ಪ್ರೇಯರ್‌ನ ಸೀಸದ ಬ್ಯಾಟರಿ ಚಾರ್ಜರನ್ನು 12.6 ವೋಲ್ಟ್‌ನ ಲಿಥಿಯಂ ಪ್ಯಾಕಿಗೆ ಚುಚ್ಚಿದರೆ ಮಿತಿ ಮೀರಿ ತುಂಬುತ್ತದೆ. ಕಾವಲುಗಾರ ಸರ್ಕ್ಯೂಟ್ ಕೆಟ್ಟಿದ್ದರೆ ಬ್ಯಾಟರಿ ಊದಿ, ಹೊಗೆಯಾಡಿ, ಬೆಂಕಿ ಹತ್ತಬಹುದು. ಪಿನ್ ಒಂದೇ ಅಳತೆ ಎಂಬುದು ಹೊಂದುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಒಂದೊಂದು ಚಾರ್ಜರ್‌ಗೂ ಅದರ ಉಪಕರಣದ ಹೆಸರು ಬರೆದ ಪಟ್ಟಿ ಅಂಟಿಸಿಡಿ.

ಕೊಟ್ಟಿಗೆಯಲ್ಲಿ ಚಾರ್ಜ್ ಮಾಡಬೇಡಿ

ಇದನ್ನು ಬೇರೆಯಾಗಿ ಹೇಳಬೇಕಾಗಿದೆ. ಕೊಟ್ಟಿಗೆಯಲ್ಲಿ ಒಣಹುಲ್ಲು ಇರುತ್ತದೆ. ದನಗಳು ಕಟ್ಟಿರುತ್ತವೆ, ಓಡಿ ಪಾರಾಗಲಾರವು. ನೆಲದಲ್ಲಿ ನೀರು, ಗಂಜಲ ಇರುತ್ತದೆ. ಗೋಣಿಚೀಲದ ಮೇಲೆ, ಹುಲ್ಲಿನ ಮೆದೆಯ ಬಳಿ, ಹಾಸಿಗೆಯ ಮೇಲೆ ಚಾರ್ಜ್ ಹಾಕಿ ಮಲಗಬೇಡಿ. ಮನೆಯೊಳಗೆ ಕಲ್ಲು ಅಥವಾ ಸಿಮೆಂಟ್ ಕಟ್ಟೆಯ ಮೇಲೆ, ಗಾಳಿ ಆಡುವ ಜಾಗದಲ್ಲಿ, ಕಣ್ಣಿಗೆ ಕಾಣುವಂತೆ ಇಡಿ.

ಅಪಾಯದ ಗುರುತುಗಳು: ಬ್ಯಾಟರಿ ಊದಿರುವುದು, ಮುಚ್ಚಳ ಎದ್ದಿರುವುದು, ಸಿಹಿಯಾದ ಅಥವಾ ಘಾಟು ವಾಸನೆ, ಚಾರ್ಜ್ ಇಲ್ಲದಾಗಲೂ ಬಿಸಿ, ದನ ತುಳಿದು ಜಜ್ಜಿರುವುದು, ನೀರಿಗೆ ಬಿದ್ದಿರುವುದು. ಇವುಗಳಲ್ಲಿ ಒಂದು ಕಂಡರೂ ಮತ್ತೆ ಚಾರ್ಜ್ ಮಾಡಬೇಡಿ. ಊದಿದ ಬ್ಯಾಟರಿಯನ್ನು ಚುಚ್ಚಬೇಡಿ.

ಬೆಂಕಿ ಕಂಡರೆ ಮೊದಲು ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಹೊಗೆ ವಿಷಕಾರಿ, ಮಕ್ಕಳನ್ನೂ ದನಗಳನ್ನೂ ದೂರ ಕರೆದೊಯ್ಯಿರಿ. ವಿದ್ಯುತ್ ಸಂಪರ್ಕ ಕಡಿದದ್ದು ಖಚಿತವಾದ ಮೇಲೆ ದೂರದಿಂದ ಧಾರಾಳವಾಗಿ ನೀರು ಹಾಕಿ ತಣಿಸಬಹುದು. ಆರಿದಂತೆ ಕಂಡ ಬ್ಯಾಟರಿ ಮತ್ತೆ ಹೊತ್ತಿಕೊಳ್ಳಬಹುದು, ಹತ್ತಿರ ಹೋಗಬೇಡಿ. ಬೆಂಕಿ ಹರಡಿದರೆ 112ಕ್ಕೆ ಕರೆ ಮಾಡಿ.

ದಿನಚರಿಗೆ ಹೊಂದುವ ಕ್ರಮ

• ಬೆಳಗಿನ ಹಾಲು ಸಂಘಕ್ಕೆ ಹಾಕಿ ಬಂದ ಕೂಡಲೇ ಲೈಟ್ ಆಫ್ ಮಾಡಿ ಚಾರ್ಜ್‌ಗೆ ಹಾಕಿ. ತಂಪು ಹೊತ್ತು, ನೀವೂ ಎಚ್ಚರವಾಗಿರುತ್ತೀರಿ.
• ಹಸಿರು ದೀಪ ಬಂದ ಮೇಲೆ ಪ್ಲಗ್ ತೆಗೆಯಿರಿ.
• ಪೂರ್ತಿ ಖಾಲಿಯಾಗುವವರೆಗೆ ಕಾಯಬೇಡಿ. "ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು" ಎಂಬುದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ಕಾಲದ ಮಾತು. ಲಿಥಿಯಂ ಬ್ಯಾಟರಿಗೆ ಆಗಾಗ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡುವುದೇ ಹಿತ.
• ಬೆಳಕು ಮಂಕಾದ ಕೂಡಲೇ ಆಫ್ ಮಾಡಿ. ಕೊನೆಯ ಹನಿಯವರೆಗೆ ಹಿಂಡಬೇಡಿ.
• ಕೆಲವು ತಿಂಗಳು ಬಳಸದ ಸ್ಪ್ರೇಯರ್ ಇದ್ದರೆ ಅರ್ಧ ಚಾರ್ಜ್ ಮಾಡಿ ತಂಪು ಜಾಗದಲ್ಲಿಡಿ. ಎರಡು ಮೂರು ತಿಂಗಳಿಗೊಮ್ಮೆ ನೋಡಿ. ಸೀಸದ ಬ್ಯಾಟರಿಯದು ಇದಕ್ಕೆ ವಿರುದ್ಧ, ಅದನ್ನು ಪೂರ್ತಿ ತುಂಬಿಸಿಯೇ ಇಡಬೇಕು.
• ಹಸು ಕರು ಹಾಕುವ ದಿನ ಹತ್ತಿರ ಬಂದಾಗ ಲೈಟ್ ಮತ್ತು ಫೋನ್ ಎರಡನ್ನೂ ಸಂಜೆಯ ಒಳಗೆ ತುಂಬಿಸಿ, ಪ್ಲಗ್‌ನಿಂದ ತೆಗೆದು ಇಟ್ಟುಕೊಳ್ಳಿ.

ಕೊಳ್ಳುವಾಗ ಕೇಳಬೇಕಾದ್ದು

ಒಂದು, ಚಾರ್ಜ್ ಆಗುವಾಗ ಬಳಸಬಹುದೇ ಎಂದು ಪೆಟ್ಟಿಗೆಯ ಮೇಲೆ ಬರೆದಿದೆಯೇ? ಎರಡು, ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು, ಬ್ಯಾಟರಿಗೆ ಐಎಸ್ 16046 ಎಂಬ ಸಂಖ್ಯೆ ಇದೆಯೇ? ಮೂರು, ಬ್ಯಾಟರಿ ಯಾವ ಜಾತಿ, ಎಷ್ಟು ವೋಲ್ಟ್? ನಾಲ್ಕು, ಅದೇ ಚಾರ್ಜರ್ ಬೇರೆಯಾಗಿ ಸಿಗುತ್ತದೆಯೇ? ಬಿಲ್ ತಪ್ಪದೆ ಪಡೆಯಿರಿ. ಅಂಗೈ ಅಗಲದ ಪವರ್ ಬ್ಯಾಂಕ್ ಮೇಲೆ ನಂಬಲಾಗದಷ್ಟು ದೊಡ್ಡ ಎಂಎಎಚ್ ಸಂಖ್ಯೆ ಬರೆದಿದ್ದು, ಕೈಯಲ್ಲಿ ಹಿಡಿದರೆ ಹಗುರವಾಗಿದ್ದರೆ ಬಿಟ್ಟುಬಿಡಿ.

ಕೆಟ್ಟ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬೇಡಿ. ತಿಪ್ಪೆಗೊಬ್ಬರ ಹೊಲಕ್ಕೆ ಹೋಗುತ್ತದೆ, ಹೊಲದ ಮೇವು ಹಸುವಿಗೆ ಬರುತ್ತದೆ. ಸುಡಲೂಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಬೇರೆ ಕಸದೊಂದಿಗೆ ಬೆರೆಸದೆ ಕೊಡುವ ಹೊಣೆ ನಮ್ಮದು. ತುದಿಗಳಿಗೆ ಟೇಪ್ ಸುತ್ತಿ, ಮಾರಿದ ಅಂಗಡಿಯಲ್ಲಿ ಅಥವಾ ಇ-ತ್ಯಾಜ್ಯ ಸಂಗ್ರಹಿಸುವಲ್ಲಿ ವಿಚಾರಿಸಿ ಕೊಡಿ.

ಕಲಿತದ್ದನ್ನು ನೋಡಿಕೊಳ್ಳಿ

ಪ್ರಶ್ನೆ 1: ಸಾದಾ ಚಾರ್ಜರ್‌ನಲ್ಲಿ 100 ಮಿಲಿಆಂಪಿಯರ್‌ಗೆ ಇಳಿದಾಗ ಹಸಿರು ದೀಪ ಬರುತ್ತದೆ. ಲೈಟ್ 250 ಎಳೆಯುತ್ತಾ ಉರಿಯುತ್ತಿದೆ. ಹಸಿರು ಬರುತ್ತದೆಯೇ?
ಉತ್ತರ: ಬರುವುದಿಲ್ಲ. ಪ್ರವಾಹ 250ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ.

ಪ್ರಶ್ನೆ 2: ಪವರ್ ಪಾತ್ ಇರುವ ಉಪಕರಣಕ್ಕೆ ಹೊರಗಿನಿಂದ 1000 ಬರುತ್ತದೆ. ಉಪಕರಣ 600 ಎಳೆಯುತ್ತಿದೆ. ಬ್ಯಾಟರಿಗೆ ಎಷ್ಟು?
ಉತ್ತರ: ಹೆಚ್ಚೆಂದರೆ 400.

ಪ್ರಶ್ನೆ 3: ಸೀಸದ ಬ್ಯಾಟರಿಯ ಚಾರ್ಜರ್ ಪಿನ್ ಹೊಸ ಲಿಥಿಯಂ ಸ್ಪ್ರೇಯರ್‌ಗೆ ಸರಿಯಾಗಿ ಕೂಡುತ್ತದೆ. ಹಾಕಬಹುದೇ?
ಉತ್ತರ: ಹಾಕಬಾರದು. ತುಂಬಿಸುವ ವೋಲ್ಟೇಜ್ ಬೇರೆ.

ಈ ಪುಟವನ್ನು ಮನೆಯ ಮಕ್ಕಳಿಗೂ ಓದಿಸಿ, ಸಂಘಕ್ಕೆ ಹಾಲು ತರುವ ಅಕ್ಕಪಕ್ಕದ ಸಹೋದರಿಯರಿಗೂ ಹೇಳಿ. ಇಂದೇ ಮನೆಯಲ್ಲಿರುವ ಚಾರ್ಜರ್‌ಗಳನ್ನೆಲ್ಲ ಒಂದು ಕಡೆ ಸೇರಿಸಿ, ಯಾವುದು ಯಾವುದರದು ಎಂದು ಹೆಸರು ಬರೆದು ಅಂಟಿಸಿ.